ಶಿಟೋ ರಿಯುವಿನಿಂದ ಗೋಜು ರಿಯುವಿಗೆ: ಒಕಿನಾವಾದ ‘ಮೂಲ ಕರಾಟೆ’ ಎಂದರೆ ಯಾವುದು?

ಪ್ರಶ್ನೆ: ಮಂಡ್ಯದ ತಂದೆ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಈಗ ಒಂಬತ್ತನೆಯ ತರಗತಿಯಲ್ಲಿದ್ದಾಳೆ. ನಾಲ್ಕನೆಯ ತರಗತಿಯಿಂದಲೂ ಮಂಡ್ಯದಲ್ಲಿಯೇ ಶಿಟೋ ರಿಯು (‘ರಿಯು’ ಎಂದರೆ ಪದ್ಧತಿ) ಕರಾಟೆ ಕಲಿಯುತ್ತಾ ಬಂದು, ಕಳೆದ ವರ್ಷ ಬ್ರೌನ್ ಬೆಲ್ಟ್ ಪಡೆದಳು. ನನಗೆ ವರ್ಗವಾಗಿರುವುದರಿಂದ ಮುಂದಿನ ತಿಂಗಳು ನಾವು ಮೈಸೂರಿಗೆ ಬರುತ್ತಿದ್ದೇವೆ. ಕುವೆಂಪುನಗರದಲ್ಲಿ ನೋಡಿರುವ ಮನೆಗೆ ಹತ್ತಿರವಿರುವ ಕರಾಟೆ ತರಗತಿ ಗೋಜು ರಿಯು ಪದ್ಧತಿಯದು. ವಿಚಾರಿಸಲು ಹೋದಾಗ ಅಲ್ಲಿದ್ದವರೊಬ್ಬರು, ತಮ್ಮದು ಈಗ ಜಪಾನಿಗೆ ಸೇರಿರುವ ಒಕಿನಾವಾ ದ್ವೀಪದ ಮೂಲ ಕರಾಟೆ, ಮಗಳು ಕಲಿತಿರುವುದು ಜಪಾನಿನಲ್ಲಿ ಆಮೇಲೆ ಹುಟ್ಟಿಕೊಂಡದ್ದು, ಆದ್ದರಿಂದ ಬಿಳಿ ಬೆಲ್ಟಿನಿಂದಲೇ ಆರಂಭಿಸಬೇಕು ಎಂದರು. ಮಗಳು ಅಲ್ಲಿ ಏನೂ ಮಾತನಾಡಲಿಲ್ಲ. ಮನೆಗೆ ಬಂದ ಮೇಲೆ ಬೆಲ್ಟನ್ನು ಮಡಿಸಿ ಬೀರುವಿನ ಮೇಲಿನ ಅರೆಯಲ್ಲಿಟ್ಟಳು. ಅಂದಿನಿಂದ ಅದನ್ನು ತೆಗೆದಿಲ್ಲ.

ಐದು ವರ್ಷದ ಕಲಿಕೆ ನಿಜವಾಗಿಯೂ ಬೇರೆ ದಾರಿಯದೇ? ಶುರಿ, ನಾಹಾ ಎಂದೆಲ್ಲ ಹೇಳುವ ಒಕಿನಾವಾದ ಪದ್ಧತಿಗಳು ಹುಟ್ಟಿದ್ದು ಹೇಗೆ, ಅವುಗಳಲ್ಲಿ ಯಾವುದನ್ನಾದರೂ ‘ಮೂಲ’ ಎಂದು ಕರೆಯಲು ಆಧಾರವಿದೆಯೇ? ಜೊತೆಗೆ, ಕರಾಟೆಯನ್ನು ಇಲ್ಲಿಂದ ಬೌದ್ಧ ಭಿಕ್ಷು ಬೋಧಿಧರ್ಮನೇ ಚೀನಾಕ್ಕೆ ಕೊಂಡೊಯ್ದ ಎಂದು ಆಫೀಸಿನ ಸ್ನೇಹಿತರೊಬ್ಬರು ಖಚಿತವಾಗಿ ಹೇಳುತ್ತಾರೆ. ಈ ವಿಷಯ ಬಲ್ಲವರು ದಯವಿಟ್ಟು ತಿಳಿಸಬೇಕು. ಮಗಳಿಗೆ ಸಮಾಧಾನದ ಮಾತಿಗಿಂತ ಸರಿಯಾದ ಉತ್ತರ ಕೊಡಬೇಕೆಂಬುದು ನನ್ನ ಆಸೆ.

ಉತ್ತರ 1: ಸರಸ್ವತಿಪುರಂನ ಶೋರಿನ್ ರಿಯು ಅಭ್ಯಾಸಿ

ಶಿಟೋ ರಿಯುವನ್ನು ರೂಪಿಸಿದ ಮಾಬುನಿ ಕೆನ್ವಾ 1889ರಲ್ಲಿ ಒಕಿನಾವಾದ ಶುರಿಯಲ್ಲಿಯೇ ಹುಟ್ಟಿದವರು. ಗೋಜು ರಿಯುವಿನ ಮಿಯಾಗಿ ಚೋಜುನ್ ಅದಕ್ಕೆ ಒಂದು ವರ್ಷ ಮೊದಲು, 1888ರಲ್ಲಿ, ಪಕ್ಕದ ನಾಹಾದಲ್ಲಿ ಹುಟ್ಟಿದವರು. ಇವರಿಬ್ಬರೂ ಗೆಳೆಯರು, ಇಬ್ಬರೂ ನಾಹಾದ ಹಿಗಾವೊನ್ನಾ ಕಾನ್ರಿಯೊ ಅವರ ಶಿಷ್ಯರು. ಮಾಬುನಿ ಇದಕ್ಕೂ ಮೊದಲೇ ಶುರಿಯ ಇತೊಸು ಆಂಕೊ ಅವರ ಬಳಿ ಪಳಗಿದ್ದರು. ‘ಶಿಟೋ’ ಎಂಬ ಹೆಸರು ಬಂದದ್ದೇ ಈ ಇಬ್ಬರು ಗುರುಗಳಿಂದ: ಇತೊಸು ಎಂಬ ಹೆಸರಿನ ಮೊದಲ ಅಕ್ಷರವನ್ನು ‘ಶಿ’ ಎಂದೂ ಹಿಗಾವೊನ್ನಾ ಎಂಬುದರ ಮೊದಲ ಅಕ್ಷರವನ್ನು ‘ತೋ’ ಎಂದೂ ಇನ್ನೊಂದು ಉಚ್ಚಾರಣೆಯಲ್ಲಿ ಓದಿ, ಎರಡನ್ನೂ ಜೋಡಿಸಿದ್ದಾರೆ. ಮಾಬುನಿ ಮುಂದೆ ಒಸಾಕಾಕ್ಕೆ ಹೋಗಿ ನೆಲೆಸಿ ಅಲ್ಲಿ ಕಲಿಸಿದರು ಎಂಬುದು ನಿಜ. ಅಷ್ಟರಿಂದಲೇ ಅವರ ವಿದ್ಯೆ ಒಕಿನಾವಾದ್ದಲ್ಲ ಎನ್ನುವುದಾದರೆ, ಧಾರವಾಡದಲ್ಲಿ ನೆಲೆಸಿದ ಮೈಸೂರಿನ ವೀಣೆ ವಿದ್ವಾಂಸರ ಬಾನಿ ಮೈಸೂರಿನದಲ್ಲ ಎನ್ನಬೇಕಾಗುತ್ತದೆ.

ಇನ್ನು ‘ಮೂಲ’ದ ವಿಷಯ. ಒಕಿನಾವಾದ ಮುಖ್ಯ ದ್ವೀಪ ಸುಮಾರು 1,200 ಚದರ ಕಿಲೋಮೀಟರ್, ಅಂದರೆ ನಮ್ಮ ಮಂಡ್ಯ ಜಿಲ್ಲೆಯ ಕಾಲು ಭಾಗದಷ್ಟು. ಕರಾಟೆಯ ಕಥೆಯಲ್ಲಿ ಬರುವ ಶುರಿ, ನಾಹಾ, ತೊಮಾರಿ ಎಂಬ ಮೂರು ಊರುಗಳು ಒಂದರಿಂದ ಒಂದಕ್ಕೆ ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಇವತ್ತು ಮೂರೂ ನಾಹಾ ನಗರದ ಒಳಗೇ ಸೇರಿವೆ. ಆದರೆ ಊರಿನ ಗುಣ ಬೇರೆ ಬೇರೆಯಾಗಿತ್ತು. 1429ರಲ್ಲಿ ಒಂದುಗೂಡಿದ ರಿಯೂಕ್ಯೂ ರಾಜ್ಯಕ್ಕೆ ಶುರಿ ರಾಜಧಾನಿ. ಅರಮನೆ, ಅಧಿಕಾರಿಗಳು, ಕಾವಲಿನವರು ಇದ್ದದ್ದು ಅಲ್ಲಿ. ನಾಹಾ ಬಂದರು, ಅದರ ಮಗ್ಗುಲಿನ ಕುಮೆ ಎಂಬ ಕೇರಿಯಲ್ಲಿ ಚೀನಾದ ಫೂಜಿಯನ್ ಪ್ರಾಂತದಿಂದ ಬಂದ ಮನೆತನಗಳು ಹದಿನಾಲ್ಕನೆಯ ಶತಮಾನದಿಂದಲೇ ನೆಲೆಸಿದ್ದವು. ತೊಮಾರಿಯೂ ಬಂದರೇ, ನಾಹಾಕ್ಕಿಂತ ಚಿಕ್ಕದು. 1372ರಿಂದ ಚೀನಾದ ಮಿಂಗ್ ದೊರೆಗಳಿಗೆ ಕಪ್ಪ ಸಲ್ಲಿಸುತ್ತಾ ಬಂದ ಈ ರಾಜ್ಯದ ಹಡಗುಗಳು ಫೂಜಿಯನ್‌ಗೆ ಹೋಗಿ ಬರುತ್ತಿದ್ದವು. ರೇಷ್ಮೆ, ಪಿಂಗಾಣಿ, ಪುಸ್ತಕಗಳ ಜೊತೆಯಲ್ಲಿ ಅಲ್ಲಿನ ಕೈಕಾಳಗವೂ ಬಂದಿತು. ದ್ವೀಪದ ಸ್ವಂತ ವಿದ್ಯೆಗೆ ‘ತೀ’, ಅಂದರೆ ‘ಕೈ’ ಎಂದು ಹೆಸರು. ಚೀನಾದ ಪ್ರಭಾವ ಬೆರೆತದ್ದಕ್ಕೆ ‘ತೋದಿ’, ಅಂದರೆ ‘ಚೀನಾದ ಕೈ’ ಎಂದು ಹೆಸರು. ಹೀಗೆ ಮೊದಲಿನಿಂದಲೂ ಇದು ಬೆರಕೆಯ ವಿದ್ಯೆ. ಬೆರಕೆ ಎಂಬ ಮಾತನ್ನು ನಾನು ಗೌರವದಿಂದಲೇ ಬಳಸುತ್ತಿದ್ದೇನೆ.

ಶುರಿಯ ಸಾಲಿನಲ್ಲಿ ದೊಡ್ಡ ಹೆಸರು ಮಾತ್ಸುಮುರಾ ಸೋಕೊನ್ ಅವರದು. ರಾಜ್ಯದ ಕೊನೆಯ ದೊರೆಗಳ ಅಂಗರಕ್ಷಕರಾಗಿದ್ದ ಅವರ ಶಿಷ್ಯರೇ ಇತೊಸು ಆಂಕೊ. ಅರಮನೆಯ ಆಡಳಿತದಲ್ಲಿ ಬರಹಗಾರರಾಗಿದ್ದ ಇತೊಸು, 1879ರಲ್ಲಿ ಜಪಾನ್ ಆ ರಾಜ್ಯವನ್ನೇ ರದ್ದುಮಾಡಿ ಒಕಿನಾವಾ ಪ್ರಾಂತವೆಂದು ಸೇರಿಸಿಕೊಂಡ ಮೇಲೂ, ಮನೆಯಂಗಳದ ಗುಟ್ಟಿನ ವಿದ್ಯೆಯಾಗಿದ್ದುದನ್ನು 1901ರಲ್ಲಿ ಶುರಿಯ ಶಾಲೆಗೆ ತಂದರು. ಮಕ್ಕಳಿಗೆ ಕಲಿಸಲು ಸುಲಭವಾಗಲಿ ಎಂದು ಅವರು ಹೆಣೆದ ಐದು ಕಾಟಾಗಳೇ (ಒಬ್ಬರೇ ಮಾಡುವ, ಗೊತ್ತಾದ ಚಲನೆಗಳ ಸರಣಿಗಳೇ) ಪಿನಾನ್. ತಮ್ಮ ಮಗಳು ಮೊದಲ ವರ್ಷದಲ್ಲಿ ಕಲಿತದ್ದು ಇವನ್ನೇ ಇರಬೇಕು. ಕೆಲವು ಕಡೆ ಹೆಯಾನ್ ಎನ್ನುತ್ತಾರೆ, ಬರೆಯುವ ಅಕ್ಷರ ಒಂದೇ. ಅವುಗಳನ್ನು ಟೋಕಿಯೊಗೆ ಕೊಂಡೊಯ್ದವರು ಇತೊಸು ಅವರ ಇನ್ನೊಬ್ಬ ಶಿಷ್ಯ ಫುನಾಕೊಶಿ ಗಿಚಿನ್. ಅವರು 1922ರಲ್ಲಿ ಅಲ್ಲಿ ಪ್ರದರ್ಶನ ನೀಡಿ ಅಲ್ಲಿಯೇ ಉಳಿದರು. ಶೋಟೋಕಾನ್ ಪದ್ಧತಿ ಬೆಳೆದದ್ದು ಅವರಿಂದ. ಕಾಟಾಗಳ ಹೆಸರನ್ನು ಜಪಾನೀಯರ ನಾಲಿಗೆಗೆ ಹೊಂದಿಸಿ, ನೈಹಾಂಚಿಯನ್ನು ತೆಕ್ಕಿ ಎಂದೂ ಕೂಸಾಂಕುವನ್ನು ಕಾಂಕು ಎಂದೂ ಬದಲಿಸಿದರು, ಪಿನಾನ್‌ನ ಮೊದಲ ಎರಡರ ಕ್ರಮವನ್ನು ಅದಲು ಬದಲು ಮಾಡಿದರು.

ಈಗ ರಿಯುಗಳ ಇಸವಿಗಳನ್ನು ಗಮನಿಸಿ. ‘ಶುರಿ-ತೆ’, ‘ನಾಹಾ-ತೆ’, ‘ತೊಮಾರಿ-ತೆ’ (‘ತೆ’ ಎಂದರೂ ‘ಕೈ’) ಎಂಬ ವಿಂಗಡಣೆಯೇ 1920ರ ದಶಕದಲ್ಲಿ ಬಳಕೆಗೆ ಬಂದದ್ದು. ಗೋಜು ರಿಯು ಎಂಬ ಹೆಸರು ಜಪಾನಿನ ಯುದ್ಧಕಲಾ ಸಂಘದಲ್ಲಿ ದಾಖಲಾದದ್ದು 1933ರಲ್ಲಿ. ನಾನು ಅಭ್ಯಾಸ ಮಾಡುವ ಶೋರಿನ್ ರಿಯುವಿಗೆ ಚಿಬಾನಾ ಚೋಶಿನ್ ಆ ಹೆಸರಿಟ್ಟದ್ದೂ ಅದೇ ವರ್ಷ. ಉಯೆಚಿ ರಿಯು 1940, ಮಾತ್ಸುಬಾಯಾಶಿ ರಿಯು 1947, ಇಶ್ಶಿನ್ ರಿಯು 1956. ಅಂದರೆ ನಾವು ಪುರಾತನವೆಂದು ಹೇಳಿಕೊಳ್ಳುವ ಹೆಸರುಗಳೆಲ್ಲ ಕೃಷ್ಣರಾಜಸಾಗರ ಕಟ್ಟೆಯ ವಯಸ್ಸಿನವು, ಇಲ್ಲವೇ ಅದಕ್ಕಿಂತ ಚಿಕ್ಕವು. ವಿದ್ಯೆ ಹಳೆಯದು, ಹೆಸರಿನ ಫಲಕ ಹೊಸದು. ಫಲಕವನ್ನು ಹಿಡಿದುಕೊಂಡು ಒಬ್ಬ ಹುಡುಗಿಯ ಐದು ವರ್ಷವನ್ನು ಅಳೆಯುವುದು ನನಗೆ ನೋವಿನ ಸಂಗತಿ.

ಉತ್ತರ 2: ಮೈಸೂರಿನಲ್ಲಿ ಗೋಜು ರಿಯು ಕಲಿಸುವವರು

ಮೇಲಿನ ಉತ್ತರ ಸರಿಯಾಗಿದೆ. ನಾನು ನಾಹಾದ ಕಡೆಯ ಮಾತನ್ನಷ್ಟೇ ಸೇರಿಸುತ್ತೇನೆ. ತಮಗೆ ಹಾಗೆ ಹೇಳಿದವರು ಯಾರೆಂದು ನನಗೆ ತಿಳಿಯದು, ತಿಳಿಯುವ ಅಗತ್ಯವೂ ಇಲ್ಲ. ಆದರೆ ಆರಂಭದಿಂದ ಕಲಿಯಬೇಕು ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ವಿವರಿಸಬೇಕು.

ಹಿಗಾವೊನ್ನಾ ಅವರ ಮನೆತನ ಕೆರಾಮಾ ದ್ವೀಪಗಳಿಂದ ನಾಹಾಕ್ಕೆ ಸೌದೆ ಸಾಗಿಸುತ್ತಿದ್ದ ಸಣ್ಣ ವ್ಯಾಪಾರಿಗಳದು. ಅವರು ಫೂಜಿಯನ್‌ನ ಫೂಜೌ ನಗರಕ್ಕೆ ಹೋಗಿ ವರ್ಷಗಟ್ಟಲೆ ಕಲಿತು ತಂದ ಪಾಠದ ಬುಡದಲ್ಲಿರುವ ಕಾಟಾ ಸಾಂಚಿನ್, ಎಂದರೆ ‘ಮೂರು ಕಾಳಗ’. ನೋಡುವವರಿಗೆ ಅದರಲ್ಲಿ ಏನೂ ನಡೆಯುತ್ತಿಲ್ಲ ಎನಿಸುತ್ತದೆ. ಮುಂದಿನ ಪಾದವನ್ನು ಅರ್ಧಚಂದ್ರದಂತೆ ಜಾರಿಸಿ, ಅದರ ಹಿಮ್ಮಡಿ ಹಿಂದಿನ ಪಾದದ ಬೆರಳುಗಳ ಸಾಲಿಗೆ ಬರುವಂತೆ, ಬೆರಳುಗಳು ಸ್ವಲ್ಪ ಒಳಗೆ ತಿರುಗಿರುವಂತೆ ನಿಲ್ಲಬೇಕು. ಮೊಣಕೈ ಪಕ್ಕೆಲುಬಿನಿಂದ ಒಂದು ಮುಷ್ಟಿಯಷ್ಟೇ ದೂರ, ಹೆಗಲು ಕೆಳಗೆ, ಗಲ್ಲ ಒಳಗೆ. ಉಸಿರು ಹೊಕ್ಕುಳಿನ ಕೆಳಗಿನಿಂದ ಹೊರಡಬೇಕು, ಕೈ ಆ ಉಸಿರಿನಷ್ಟೇ ನಿಧಾನವಾಗಿ ಮುಂದೆ ಹೋಗಬೇಕು. ಗುರುಗಳು ಹಿಂದೆ ನಿಂತು ಹೆಗಲು, ಬೆನ್ನು, ತೊಡೆಗಳನ್ನು ಅಂಗೈಯಿಂದ ತಟ್ಟಿ, ಎಲ್ಲಿ ಬಿಗಿ ತಪ್ಪಿದೆ ಎಂದು ನೋಡುತ್ತಾರೆ. ನನ್ನ ಗುರುಗಳು ಮೊದಲ ಆರು ತಿಂಗಳು ನನಗೆ ಇದರಲ್ಲಿ ಮೂರು ಹೆಜ್ಜೆಯನ್ನು ಮಾತ್ರ ಹೇಳಿಕೊಟ್ಟರು. ಮಳೆಗಾಲದ ಒಂದು ಸಂಜೆ ಅವರು ನನ್ನ ಎಡ ಹೆಗಲನ್ನು ತಟ್ಟಿ, ‘ಈ ಕೈ ಇನ್ನೂ ಮನೆಯಲ್ಲಿದೆ’ ಎಂದದ್ದು ಇವತ್ತಿಗೂ ಕಿವಿಯಲ್ಲಿದೆ. ನಾನು ಉಸಿರು ಹಿಡಿದುಕೊಂಡಿದ್ದೆ, ಅದು ಅವರ ಅಂಗೈಗೆ ತಿಳಿದಿತ್ತು.

ಮಿಯಾಗಿ ಅವರು ‘ಗೋಜು’ ಎಂಬ ಹೆಸರನ್ನು ಆರಿಸಿದ್ದು, ಒಕಿನಾವಾದ ಗುರುಗಳ ಮನೆಗಳಲ್ಲಿ ಕೈಬರಹದಲ್ಲಿ ಉಳಿದುಬಂದ ಬುಬಿಶಿ ಎಂಬ ಚೀನೀ ಗ್ರಂಥದ ಒಂದು ಸಾಲಿನಿಂದ. ಉಸಿರನ್ನು ಒಳಗೆ ಎಳೆಯುವುದು, ಹೊರಗೆ ಬಿಡುವುದು, ಅದರೊಡನೆ ಮೈ ಗಡುಸಾಗುವುದು, ಮೆದುವಾಗುವುದು ಎಂಬುದು ಆ ಸಾಲಿನ ಆಶಯ. ‘ಗೋ’ ಗಡುಸು, ‘ಜು’ ಮೆದು. ಶುರಿಯ ಸಾಲಿನವರು ದೂರದಿಂದ ಹಗುರವಾಗಿ, ನೇರವಾಗಿ ಒಳನುಗ್ಗುವುದನ್ನು ಹೆಚ್ಚು ಬೆಳೆಸಿದರೆ, ನಮ್ಮಲ್ಲಿ ಎದುರಾಳಿಯ ತೋಳು ನಮ್ಮ ತೋಳಿಗೆ ತಗುಲಿದ ಮೇಲಿನ ಕೆಲಸ ಹೆಚ್ಚು: ಹಿಡಿಯುವುದು, ಎಳೆಯುವುದು, ಸುತ್ತಿ ತಿರುಗಿಸುವುದು, ಮೊಣಕಾಲಿನ ಮಟ್ಟಕ್ಕೆ ಒದೆಯುವುದು. ಇದಕ್ಕಾಗಿಯೇ ಕಿರಿದಾದ ಬಾಯಿಯ ಮಣ್ಣಿನ ಹರವಿಗಳ ಅಂಚನ್ನು ಬೆರಳ ತುದಿಯಿಂದ ಹಿಡಿದು ನಡೆಯುವ ಅಭ್ಯಾಸವೂ, ಕೋಲಿನ ತುದಿಗೆ ಕಲ್ಲು ಕಟ್ಟಿದ ಚಿ-ಇಶಿಯನ್ನು ತಿರುಗಿಸುವ ಅಭ್ಯಾಸವೂ ಇದೆ. ನಮ್ಮ ಗರಡಿಯಲ್ಲಿ ಗದೆ ತಿರುಗಿಸಿದವರಿಗೆ ಈ ಚಿ-ಇಶಿ ಒಂದೇ ದಿನದಲ್ಲಿ ಕೈಗೆ ಒಗ್ಗುತ್ತದೆ.

ಆದ್ದರಿಂದ ನಿಲುವು, ಉಸಿರು, ಅಂತರ ಇವು ಮೂರನ್ನೂ ತಮ್ಮ ಮಗಳು ಹೊಸದಾಗಿ ಹೊಂದಿಸಿಕೊಳ್ಳಬೇಕಾಗುತ್ತದೆ. ಆದರೆ ಕಾಟಾಗಳ ವಿಷಯದಲ್ಲಿ ಅವಳು ಬರಿಗೈಯಲ್ಲಿ ಬರುತ್ತಿಲ್ಲ. ಮಾಬುನಿ ಅವರು ನಾಹಾದ ಕಾಟಾಗಳನ್ನೂ ಉಳಿಸಿಕೊಂಡವರು. ಸಾಂಚಿನ್, ತೆನ್‌ಶೋ, ಸೈಫಾ, ಸೆಯೆಂಚಿನ್, ಸೆಯ್‌ಪಾಯ್, ಸುಪಾರಿಂಪೆಯ್ ಎಲ್ಲವೂ ಶಿಟೋ ರಿಯುವಿನಲ್ಲಿವೆ. ಬ್ರೌನ್ ಬೆಲ್ಟಿನ ವಿದ್ಯಾರ್ಥಿನಿ ಎಂದರೆ ಸೆಯೆಂಚಿನ್ ತಿಳಿದಿರುವ ಸಂಭವ ಬಹಳ. ಅದನ್ನು ಮಾಡಿಸಿ ನೋಡದೆ ಯಾರ ಬೆಲ್ಟಿನ ಬಣ್ಣವನ್ನೂ ನಾನಂತೂ ತೀರ್ಮಾನಿಸುವುದಿಲ್ಲ. ಮಿಯಾಗಿ ಅವರು ತಾವು ಬದುಕಿರುವವರೆಗೆ ಯಾರಿಗೂ ಡಾನ್ ದರ್ಜೆ, ಅಂದರೆ ಕಪ್ಪು ಬೆಲ್ಟಿನ ದರ್ಜೆ, ಕೊಟ್ಟವರಲ್ಲ. ಬೆಲ್ಟಿನ ಪದ್ಧತಿ ಜೂಡೋದಿಂದ ಎರವಲು ಬಂದದ್ದು, ಫುನಾಕೊಶಿ ಅವರು ಮೊದಲ ಕಪ್ಪು ಬೆಲ್ಟುಗಳನ್ನು ಕೊಟ್ಟದ್ದು 1924ರಲ್ಲಿ.

ಉತ್ತರ 3: ನಜರ್‌ಬಾದಿನ ಹಳೆಯ ಗರಡಿ ವಿದ್ಯಾರ್ಥಿ

ಬೋಧಿಧರ್ಮನ ವಿಷಯಕ್ಕೆ ಉತ್ತರಿಸುತ್ತೇನೆ, ಏಕೆಂದರೆ ನಾನೂ ಬಹಳ ವರ್ಷ ಅದನ್ನು ನಂಬಿದ್ದೆ. ಬೋಧಿಧರ್ಮನು ದಕ್ಷಿಣ ಭಾರತದ ರಾಜಪುತ್ರನೆಂಬುದು ಚೀನಾದ ಹಳೆಯ ಬರಹದಲ್ಲಿಯೇ ಇರುವ ಮಾತು. ಇನ್ನೊಂದು ಹಳೆಯ ಬರಹ ಅವನನ್ನು ಪರ್ಷಿಯಾದ ಕಡೆಯ ಭಿಕ್ಷುವೆನ್ನುತ್ತದೆ. ಎರಡರಲ್ಲಿಯೂ ಅವನು ಯಾರಿಗಾದರೂ ಕೈಕಾಳಗ ಕಲಿಸಿದನೆಂಬ ಮಾತಿಲ್ಲ. ಅವನ ಹೆಸರಿಗೆ ವ್ಯಾಯಾಮವನ್ನು ಅಂಟಿಸಿದ ಯಿಜಿನ್‌ಜಿಂಗ್ ಎಂಬ ಗ್ರಂಥ ಹದಿನೇಳನೆಯ ಶತಮಾನದ್ದು, ಅಂದರೆ ಅವನಿಗಿಂತ ಸಾವಿರ ವರ್ಷ ಈಚಿನದು. ಇದನ್ನು ಚೀನಾದ ಸಂಶೋಧಕರೇ 1930ರ ದಶಕದಲ್ಲಿ ತೋರಿಸಿದರು. ಇನ್ನೂ ಮುಖ್ಯವಾದುದು, ಇತೊಸು ಆಂಕೊ 1908ರಲ್ಲಿ ಶಿಕ್ಷಣ ಇಲಾಖೆಯವರಿಗೆ ಬರೆದ ಪ್ರಸಿದ್ಧ ಪತ್ರದ ಆರಂಭದಲ್ಲಿಯೇ, ಈ ವಿದ್ಯೆ ಬೌದ್ಧ ಮತದಿಂದಲಾಗಲಿ ಕನ್‌ಫ್ಯೂಷಿಯಸ್ಸನ ಮಾರ್ಗದಿಂದಲಾಗಲಿ ಬಂದದ್ದಲ್ಲ ಎಂದು ಸ್ಪಷ್ಟವಾಗಿ ತಿಳಿಸಿದ್ದಾರೆ. ಒಕಿನಾವಾದ ಹಿರಿಯ ಗುರುವೇ ಹೇಳದ ನಂಟನ್ನು ನಾವು ಕಟ್ಟುವುದು ಸರಿಯಲ್ಲ.

ನಮ್ಮ ವಿದ್ಯೆಗೆ ಬೇರೆಯವರ ವಂಶಾವಳಿಯಲ್ಲಿ ಸ್ಥಾನ ಸಿಕ್ಕಿದರೆ ಮಾತ್ರ ಬೆಲೆ ಎಂಬ ಭಾವನೆಯೂ ಈ ಕಥೆಯ ಹಿಂದೆ ಇದೆ ಎನಿಸುತ್ತದೆ. ವಿಜಯದಶಮಿಯ ದಿನ ಅರಮನೆಯ ಅಂಗಳದಲ್ಲಿ ನಡೆಯುವ ವಜ್ರಮುಷ್ಟಿ ಕಾಳಗವನ್ನು ಒಮ್ಮೆ ಹತ್ತಿರದಿಂದ ನೋಡಿದವರಿಗೆ ಆ ಚಿಂತೆ ಇರುವುದಿಲ್ಲ. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳುಗಳಿಗೆ ವಜ್ರಮುಷ್ಟಿ ತೊಟ್ಟು ಕೆಮ್ಮಣ್ಣಿನ ಕಣದಲ್ಲಿ ಎದುರಾಗುತ್ತಾರೆ. ಒಬ್ಬರ ತಲೆಯಿಂದ ರಕ್ತ ಚಿಮ್ಮಿದೊಡನೆ ಕಾಳಗ ಮುಗಿಯುತ್ತದೆ. ಮೈಸೂರು, ಬೆಂಗಳೂರು, ಚನ್ನಪಟ್ಟಣ, ಚಾಮರಾಜನಗರದ ಜಟ್ಟಿ ಮನೆತನಗಳು ಉಳಿಸಿಕೊಂಡು ಬಂದ ವಿದ್ಯೆ ಅದು. ಅದಕ್ಕೂ ಕರಾಟೆಗೂ ನಂಟಿಲ್ಲ, ಇರಬೇಕಾಗಿಯೂ ಇಲ್ಲ.

ಉತ್ತರ 4: ಮಂಡ್ಯದ ಇತಿಹಾಸ ಉಪನ್ಯಾಸಕಿ

ಇಲ್ಲಿ ಯಾರೂ ಇನ್ನೂ ಎತ್ತದ ಒಂದು ಮಾತನ್ನು ಸೇರಿಸಬೇಕು. 1609ರಲ್ಲಿ ದಕ್ಷಿಣ ಜಪಾನಿನ ಸಾತ್ಸುಮಾ ಸಂಸ್ಥಾನದ ಸೇನೆ ದ್ವೀಪವನ್ನು ಗೆದ್ದು ಆಯುಧ ಕಿತ್ತುಕೊಂಡಿತು, ಆಗ ಬಡ ರೈತರು ಗುಟ್ಟಾಗಿ ಕರಾಟೆ ಕಟ್ಟಿದರು ಎಂದು ತರಗತಿಗಳಲ್ಲಿ ಹೇಳುವುದನ್ನು ನಾನು ಕೇಳಿದ್ದೇನೆ. ಆದರೆ ನಮಗೆ ಹೆಸರು ತಿಳಿದಿರುವ ಹಳೆಯ ಗುರುಗಳಲ್ಲಿ ಹೆಚ್ಚಿನವರು ಶುರಿಯ ಅಧಿಕಾರಿ ವರ್ಗದವರು. ಆಯುಧಗಳನ್ನು ಒಂದೆಡೆ ಸೇರಿಸಿ ಇರಿಸುವ ಕ್ರಮ ಕೂಡ ಸಾತ್ಸುಮಾಗಿಂತ ಮೊದಲೇ, ರಿಯೂಕ್ಯೂವಿನ ಶೋ ಶಿನ್ ದೊರೆಯ ಕಾಲದಲ್ಲಿಯೇ ಆರಂಭವಾಗಿತ್ತು. ಆಯುಧಾಭ್ಯಾಸವಾದ ಕೊಬುದೋದಲ್ಲಿ ದೋಣಿಯ ಹುಟ್ಟು, ಕುಡುಗೋಲುಗಳು ಇರುವುದು ನಿಜ, ಅವು ದುಡಿಯುವವರ ಸಾಧನಗಳೇ. ಆದರೆ ಮೂರು ಕವಲಿನ ಸಾಯ್ ಅಲ್ಲಿನ ಪೊಲೀಸು ಅಧಿಕಾರಿಗಳ ಕೈಯಲ್ಲಿದ್ದದ್ದು.

ಹೆಸರಿನ ವಿಷಯದಲ್ಲಿಯೂ ಒಂದು ದಿನಾಂಕ ನೆನಪಿಡಬೇಕಾದದ್ದು. 1936ರ ಅಕ್ಟೋಬರ್ 25ರಂದು ನಾಹಾದಲ್ಲಿ ಪತ್ರಿಕೆಯೊಂದು ಏರ್ಪಡಿಸಿದ ಸಭೆಯಲ್ಲಿ ಹನಾಶಿರೊ ಚೋಮೊ, ಕಿಯಾನ್ ಚೋತೊಕು, ಮೊತೊಬು ಚೋಕಿ, ಮಿಯಾಗಿ, ಚಿಬಾನಾ ಮೊದಲಾದ ಕರಾಟೆ ಗುರುಗಳು ಸೇರಿ, ‘ಚೀನಾದ ಕೈ’ ಎಂದು ಬರೆಯುವ ಅಕ್ಷರವನ್ನು ಬಿಟ್ಟು ‘ಬರಿಗೈ’ ಎಂದು ಬರೆಯುವ ಅಕ್ಷರವನ್ನು ಒಪ್ಪಿದರು. ಎರಡನ್ನೂ ಕರಾಟೆ ಎಂದೇ ಓದಬಹುದು. ಜಪಾನ್ ಚೀನಾದ ಮೇಲೆ ಯುದ್ಧಕ್ಕೆ ಸಜ್ಜಾಗುತ್ತಿದ್ದ ಕಾಲ ಅದು. ಚೀನಾದ ಹೆಸರು ಹೊತ್ತ ವಿದ್ಯೆ ಜಪಾನಿನಲ್ಲಿ ಬೆಳೆಯುವುದು ಕಷ್ಟವಾಗಿತ್ತು. ಒಂದು ಅಕ್ಷರ ಬದಲಾದಾಗ ಫೂಜಿಯನ್‌ನ ಐದು ನೂರು ವರ್ಷದ ಋಣ ಹೆಸರಿನಿಂದ ಅಳಿಸಿಹೋಯಿತು ಎಂಬುದು ನನಗೆ ಈ ಚರಿತ್ರೆಯಲ್ಲಿ ಅತ್ಯಂತ ಬೇಸರದ ಭಾಗ. ಅದೇ ದಿನವನ್ನು 2005ರಲ್ಲಿ ಒಕಿನಾವಾದ ಪ್ರಾಂತೀಯ ಸಭೆ ಕರಾಟೆ ದಿನವೆಂದು ಘೋಷಿಸಿತು.

ಮಂಡ್ಯದ ತಂದೆ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ರಾತ್ರಿ ಈ ಉತ್ತರಗಳನ್ನು ಮಗಳಿಗೆ ಓದಿ ಹೇಳಿದೆ. ‘ಶಿ’ ಮತ್ತು ‘ತೋ’ ಎಂಬ ಅಕ್ಷರಗಳ ಭಾಗವನ್ನು ಎರಡು ಸಲ ಓದಿಸಿದಳು. ಸೆಯೆಂಚಿನ್ ಅವಳಿಗೆ ಬರುತ್ತದೆ. ನಡುಮನೆಯ ಸೋಫಾ ಸರಿಸಿ ಮಾಡಿಯೂ ತೋರಿಸಿದಳು. ಉತ್ತರ 2 ಬರೆದವರಲ್ಲಿ ಒಂದು ಪ್ರಶ್ನೆ: ಗೋಜು ರಿಯುವಿನಲ್ಲಿ ಇದೇ ಕಾಟಾ ಎಷ್ಟು ಬೇರೆಯಾಗಿರುತ್ತದೆ? ಮತ್ತು ಅವಳು ಮೊದಲು ಕಲಿಯಬೇಕಾದದ್ದು ಯಾವುದು?

ಉತ್ತರ 5: ಮೈಸೂರಿನಲ್ಲಿ ಗೋಜು ರಿಯು ಕಲಿಸುವವರು

ದಾರಿ ಒಂದೇ, ನಡಿಗೆ ಬೇರೆ. ನಮ್ಮಲ್ಲಿ ಅದನ್ನು ಸೆಯುಂಚಿನ್ ಎನ್ನುವುದುಂಟು. ಅದರಲ್ಲಿ ಒಂದೇ ಒಂದು ಒದೆತವೂ ಇಲ್ಲ ಎಂಬುದನ್ನು ಮಗಳು ಗಮನಿಸಿರುತ್ತಾಳೆ; ಎಲ್ಲವೂ ತಗ್ಗಿದ ನಿಲುವು, ಹಿಡಿತ ಮತ್ತು ಎಳೆತ. ಕೈ ಹೋಗುವ ಜಾಗ ಬಹುಪಾಲು ಅದೇ ಆಗಿರುತ್ತದೆ, ಉಸಿರಿನ ಭಾರ ಮತ್ತು ನಿಧಾನ ಬದಲಾಗುತ್ತದೆ.

ಅವಳು ಮೊದಲು ಕಲಿಯುವುದು ಗೆಕಿಸಾಯ್ ಎಂಬ ಎರಡು ಕಾಟಾಗಳನ್ನು. ಮಿಯಾಗಿ ಅವರು ಇವನ್ನು 1940ರ ಸುಮಾರಿಗೆ, ಶಾಲೆಯ ಮಕ್ಕಳಿಗೂ ಹೊಸಬರಿಗೂ ಸುಲಭವಾಗಲೆಂದು ಹೆಣೆದರು. ಪಿನಾನ್ ಬಲ್ಲವರಿಗೆ ಮುಖದ ಮಟ್ಟದ ತಡೆ, ನೇರ ಗುದ್ದುಗಳೆಲ್ಲ ಪರಿಚಿತವೆನಿಸುತ್ತವೆ, ಏಕೆಂದರೆ ಗೆಕಿಸಾಯ್‌ನಲ್ಲಿ ಶುರಿಯ ಕಡೆಯ ಗುಣವಿದೆ. ಅದೇ ಗೆಕಿಸಾಯ್‌ನ ಮೊದಲನೆಯದನ್ನು ಶುರಿ ಮತ್ತು ತೊಮಾರಿಯ ಸಾಲಿನ ಮಾತ್ಸುಬಾಯಾಶಿ ರಿಯುವಿನವರು ಇನ್ನೊಂದು ಹೆಸರಿನಿಂದ ಇವತ್ತಿಗೂ ಕಲಿಸುತ್ತಾರೆ. ಇವೆರಡೂ ಅವಳಿಗೆ ಒಂದೆರಡು ತಿಂಗಳಲ್ಲಿ ಬಂದಾವು. ಸಾಂಚಿನ್‌ಗೆ ಮಾತ್ರ ಅವಸರ ಬೇಡ.

ಮೈಸೂರಿಗೆ ಬಂದ ಮೇಲೆ ಎರಡು ಮೂರು ತರಗತಿಗಳಿಗೆ ಹೋಗಿ ಸುಮ್ಮನೆ ಕುಳಿತು ನೋಡಿ. ಶಿಕ್ಷಕರು ಕಾಟಾದ ಒಂದು ಚಲನೆಯನ್ನು ನಿಲ್ಲಿಸಿ, ಇಬ್ಬರು ಮಕ್ಕಳನ್ನು ಎದುರು ಬದುರು ನಿಲ್ಲಿಸಿ, ಇದು ಯಾವ ಹಿಡಿತವನ್ನು ಬಿಡಿಸಲು ಎಂದು ತೋರಿಸುತ್ತಾರೆಯೇ ನೋಡಿ. ಮಗಳಿಂದ ಸೆಯೆಂಚಿನ್ ಮಾಡಿಸಿ ನೋಡಲು ಅವರು ಸಿದ್ಧರಿದ್ದಾರೆಯೇ ಎಂದು ಕೇಳಿ. ಹೋಗುವಾಗ ಬೀರುವಿನಲ್ಲಿರುವ ಬೆಲ್ಟನ್ನು ಅವಳ ಚೀಲದಲ್ಲಿ ಇಟ್ಟುಕೊಂಡೇ ಹೋಗಲಿ.